ಗುಣವೆಂದರೆ ಹಗ್ಗ

ಹೊಳೆಯ ಮೇಲೆ ದೋಣಿ ಸಾಗುವುದಕ್ಕೆ ಹಲವು ದಾರಿಗಳುಂಟು. ನೀರು ಹೋಗುವ ಕಡೆಗೇ ನಾವೂ ಹೋಗಬೇಕಾಗಿದ್ದರೆ ನೀರೇ ಹೊತ್ತುಕೊಂಡು ಹೋಗುತ್ತದೆ. ಗಾಳಿ ಅನುಕೂಲವಾಗಿದ್ದರೆ ಹಾಯಿ ಕಟ್ಟಬಹುದು. ನೀರಿನ ಸೆಳವು ಕಡಿಮೆಯಿದ್ದರೆ ಹುಟ್ಟು ಹಾಕಬಹುದು. ಆಳ ಕಡಿಮೆಯಿದ್ದರೆ ಉದ್ದನೆಯ ಗಳವನ್ನು ತಳಕ್ಕೂರಿ ತಳ್ಳಬಹುದು. ಇವೊಂದೂ ನಡೆಯದೆ, ತುಂಬಿದ ದೋಣಿ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋಗಲೇಬೇಕಾದಾಗ ಉಳಿಯುವ ದಾರಿ ಒಂದೇ. ಕೆಲವರು ದೋಣಿಯಿಂದ ಇಳಿಯಬೇಕು; ದಡ ಹತ್ತಬೇಕು; ಹಗ್ಗವನ್ನು ಹೆಗಲಿಗೋ ಎದೆಗೋ ಹಾಕಿಕೊಂಡು ಎಳೆಯಬೇಕು. ಉಗಿಯಂತ್ರ ಬರುವುದಕ್ಕೆ ಮುಂಚೆ ಲೋಕದ ದೊಡ್ಡ ನದಿಗಳ ಮೇಲಿನ ವ್ಯಾಪಾರವೆಲ್ಲ ಬಹುಮಟ್ಟಿಗೆ ಈ ಹಗ್ಗದ ಮೇಲೆ ನಿಂತಿತ್ತು. ಬಯಲಿದ್ದ ಕಡೆ ಕುದುರೆ ಎತ್ತುಗಳು ಎಳೆದವು. ಬಂಡೆಗಲ್ಲು, ಕೆಸರು, ಪೊದೆಗಳಿದ್ದ ಕಡೆ ಮನುಷ್ಯರೇ ಎಳೆದರು.

ಈ ಹಗ್ಗದ ವಿಷಯ ಯೋಚಿಸುವಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ಹಗ್ಗಕ್ಕೆ ಎರಡು ತುದಿ. ಒಂದು ತುದಿಯಲ್ಲಿ ಕುಳಿತವನಿದ್ದಾನೆ, ಇನ್ನೊಂದು ತುದಿಯಲ್ಲಿ ಎಳೆಯುವವನಿದ್ದಾನೆ. ಇಬ್ಬರ ಪ್ರಯಾಣವೂ ಒಂದೇ, ಊರು ಸೇರುವ ಹೊತ್ತೂ ಒಂದೇ. ಆದರೂ ಒಬ್ಬನದು ಪ್ರಯಾಣ, ಮತ್ತೊಬ್ಬನದು ದುಡಿಮೆ. ಕುಳಿತವನು ಎಳೆಯುವವನಿಗೆ ಏನನ್ನು ಸಲ್ಲಿಸಬೇಕು? ಕೂಲಿ ಎಂದು ಥಟ್ಟನೆ ಉತ್ತರ ಹೇಳಬಹುದು. ಆ ಉತ್ತರ ಸಾಕೆ ಎಂಬುದೇ ಇಲ್ಲಿನ ವಿಚಾರ.

ಬಂಗಾಳದ ನಾವಿಕರು ದೋಣಿಯೆಳೆಯುವ ಹಗ್ಗವನ್ನು ‘ಗುಣ್’ ಎಂದು ಕರೆದರು. ಅದು ನಮ್ಮ ‘ಗುಣ’ ಶಬ್ದವೇ. ಸಂಸ್ಕೃತದಲ್ಲಿ ಗುಣವೆಂದರೆ ಎಳೆ, ಹುರಿ, ಹಗ್ಗ. ಬಿಲ್ಲಿನ ಹೆದೆಗೂ ಅದೇ ಹೆಸರು. ಸಾಂಖ್ಯರು ಸತ್ತ್ವ ರಜಸ್ಸು ತಮಸ್ಸುಗಳನ್ನು ಗುಣಗಳೆಂದು ಕರೆದಾಗಲೂ ಅವು ಪುರುಷನನ್ನು ಕಟ್ಟುವ ಹುರಿಗಳೆಂಬ ಭಾವ ಆ ಹೆಸರಿನಲ್ಲಿ ಸೇರಿಕೊಂಡಿದೆ. ‘ಅವನು ಗುಣವಂತ’ ಎನ್ನುವಾಗ ನಮಗೆ ಹಗ್ಗದ ನೆನಪು ಬರುವುದಿಲ್ಲ. ಬಂದರೆ ನಷ್ಟವೇನೂ ಇಲ್ಲ. ಮನುಷ್ಯನ ಗುಣ ಗೊತ್ತಾಗುವುದು ಅವನು ಒಬ್ಬನೇ ಕುಳಿತಾಗಲ್ಲ. ಅವನಿಗೂ ಇನ್ನೊಬ್ಬನಿಗೂ ನಡುವೆ ಏನೋ ಒಂದು ಬಿಗಿಯಾದಾಗ.

ನಮ್ಮ ತತ್ತ್ವಜ್ಞಾನಿಗಳು ಹಗ್ಗವನ್ನು ಕಾಣದವರಲ್ಲ. ಮಬ್ಬುಗತ್ತಲಲ್ಲಿ ಬಿದ್ದ ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವಿಲ್ಲದೆ ವೇದಾಂತದ ಪಾಠ ಮುಂದೆ ಸಾಗುವುದೇ ಇಲ್ಲ. ಸಾವಿರ ವರ್ಷಕ್ಕೂ ಮೇಲ್ಪಟ್ಟು ಆ ಹಗ್ಗದ ಮೇಲೆ ಚರ್ಚೆ ನಡೆದಿದೆ. ಅದು ಹಾವೋ ಹಗ್ಗವೋ, ತೋರಿದ ಹಾವು ಸತ್ಯವೋ ಮಿಥ್ಯೆಯೋ ಎಂದು ಕೇಳಿದ್ದೇವೆ. ಅದನ್ನು ಯಾರು ಹೊಸೆದರು, ಅದರ ತುದಿಯನ್ನು ಯಾರು ಹಿಡಿದಿದ್ದಾರೆ ಎಂದು ಕೇಳಿದವರು ಕಡಿಮೆ. ಜ್ಞಾನಕ್ಕೆ ಮೊದಲನೆಯ ಪ್ರಶ್ನೆ ಸಾಕಾಗಬಹುದು. ಧರ್ಮಕ್ಕೆ ಎರಡನೆಯದು ಬೇಕು.

ಎರಡನೆಯ ಪ್ರಶ್ನೆಯನ್ನು ಕೇಳುವುದಕ್ಕೆ ವೋಲ್ಗಾ ನದಿಯ ದಡಕ್ಕೇ ಹೋಗಬೇಕೆಂದಿಲ್ಲ. ಆಡಕಿಯ ಸೀಮೆಯಲ್ಲಿ ನಿಂತೂ ಕೇಳಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ನೆಲದ ಹೊಳೆ ಕಾಗಿಣಾ. ತೆಲಂಗಾಣದ ಕಡೆಯಿಂದ ಬಂದು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ಸವರಿಕೊಂಡು, ಶಹಾಬಾದಿನ ಸಮೀಪ ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತದೆ. ಅದು ಮಳೆಯನ್ನು ನಂಬಿದ ಹೊಳೆ. ಶ್ರಾವಣದಲ್ಲಿ ಸೇತುವೆ ಮುಳುಗಿಸುವಷ್ಟು ಸೊಕ್ಕು, ಬೇಸಿಗೆಯಲ್ಲಿ ಬಂಡೆಗಳ ನಡುವೆ ಮಡುಗಟ್ಟಿ ನಿಲ್ಲುವಷ್ಟು ದೈನ್ಯ. ಇಂಥ ಹೊಳೆ ವೋಲ್ಗಾದಂತೆ ವರ್ತಕರ ಹೆದ್ದಾರಿಯಾಗುವುದಿಲ್ಲ. ಆದರೆ ಹಗ್ಗವಿಲ್ಲದ ಊರು ಇಲ್ಲಿಲ್ಲ. ಜೋಳದ ಹೊಲದ ಅಂಚಿನಲ್ಲಿ, ತೊಗರಿಯ ಸಾಲಿನ ಬದಿಯಲ್ಲಿ ಪುಂಡಿ ಹಾಕುವುದು ಈ ಕಡೆಯ ರೂಢಿ. ಎಲೆ ಪಲ್ಯಕ್ಕೆ, ಕಾಂಡ ನಾರಿಗೆ. ಕಾಂಡವನ್ನು ಕಟ್ಟುಕಟ್ಟಿ ನೀರಿನಲ್ಲಿ ಕೊಳೆಹಾಕಿ, ನಾರು ಬಿಡಿಸಿ, ತೊಳೆದು, ಒಣಗಿಸಿ ಹೊಸೆದರೆ ಹಗ್ಗ. ದನ ಕಟ್ಟುವ ಕಣ್ಣಿ, ಎತ್ತಿನ ಮೂಗುದಾಣ, ಬಾವಿಯ ಹಗ್ಗ, ಕೂಸಿನ ತೊಟ್ಟಿಲ ಹಗ್ಗ ಎಲ್ಲವೂ ಈ ನಾರಿನಿಂದಲೇ ಆಗುತ್ತಿದ್ದವು. ನೈಲಾನು ಬಂದು ಬಹಳಷ್ಟನ್ನು ತಿಂದುಹಾಕಿತು.

ಹಗ್ಗದ ರಚನೆಯಲ್ಲಿ ಒಂದು ವಿಶೇಷವಿದೆ. ಪುಂಡಿಯ ನಾರು ಎಷ್ಟು ಉದ್ದವಿದ್ದೀತು? ಹೆಚ್ಚೆಂದರೆ ಒಂದೆರಡು ಮಾರು. ಆ ನಾರಿನಿಂದ ನೂರು ಮಾರಿನ ಹಗ್ಗವಾಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗುವ ನಾರು ಒಂದೂ ಇಲ್ಲ. ಅಂಟು ಇಲ್ಲ, ಗಂಟು ಇಲ್ಲ. ನಾರು ನಾರನ್ನು ಒತ್ತಿಕೊಂಡಿರುವುದರಿಂದಲೇ ಹಗ್ಗ ನಿಲ್ಲುತ್ತದೆ. ಎಳೆದಷ್ಟೂ ಆ ಒತ್ತು ಹೆಚ್ಚುತ್ತದೆ. ಎಳೆಯನ್ನು ಒಂದು ದಿಕ್ಕಿಗೆ ಹೊಸೆದರೆ ಎಳೆಗಳನ್ನು ಕೂಡಿಸುವಾಗ ವಿರುದ್ಧ ದಿಕ್ಕಿಗೆ ಹೊಸೆಯುತ್ತಾರೆ. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ. ಪರಸ್ಪರ ವಿರೋಧವನ್ನೇ ಬಲವಾಗಿ ಮಾಡಿಕೊಂಡ ಇಂಥ ವಸ್ತು ಮನುಷ್ಯ ಮಾಡಿದ್ದರಲ್ಲಿ ಅಪರೂಪ. ಸಮಾಜವೆಂದರೆ ಹೀಗಿರಬೇಕು ಎಂದು ಹೇಳಿಬಿಡುವುದು ಸುಲಭ. ಆದರೆ ಹಗ್ಗದಲ್ಲಿ ಭಾರವನ್ನು ಎಲ್ಲ ನಾರುಗಳೂ ಹೊರುತ್ತವೆ. ಸಮಾಜದಲ್ಲಿ ಹಾಗಿಲ್ಲವೆಂಬುದರಿಂದಲೇ ನಮ್ಮ ತೊಂದರೆ ಪ್ರಾರಂಭವಾಗುತ್ತದೆ.

ಹೊಳೆಯ ದಡದ ಎಳೆತವನ್ನು ಲೋಕಕ್ಕೆ ತೋರಿಸಿಕೊಟ್ಟವನು ರಷ್ಯದ ಚಿತ್ರಕಾರ ಇಲ್ಯಾ ರೆಪಿನ್. ೧೮೭೩ರಲ್ಲಿ ಅವನು ಮುಗಿಸಿದ ಚಿತ್ರದಲ್ಲಿ ಹನ್ನೊಂದು ಮಂದಿ ಎದೆಗೆ ಪಟ್ಟಿ ಹಾಕಿಕೊಂಡು ವೋಲ್ಗಾ ನದಿಯ ಮರಳಿನಲ್ಲಿ ಹಡಗನ್ನು ಎಳೆಯುತ್ತಿದ್ದಾರೆ. ಹೆಚ್ಚಿನವರ ಮೈ ನೆಲಕ್ಕೆ ಬಾಗಿದೆ. ನಡುವೆ ಒಬ್ಬ ಹುಡುಗ ಮಾತ್ರ ತಲೆಯೆತ್ತಿ, ಎದೆಯ ಪಟ್ಟಿಗೆ ಕೈ ಹಾಕಿದ್ದಾನೆ. ಬಹು ದೂರದಲ್ಲಿ, ಕಣ್ಣಿಟ್ಟು ನೋಡಿದರೆ ಕಾಣುವಂತೆ, ಒಂದು ಸಣ್ಣ ಉಗಿದೋಣಿ ಇದೆ. ಎಳೆಯುವವರ ಕಾಲ ಮುಗಿಯುತ್ತ ಬಂದಿದೆ. ಆದರೆ ಎಳೆಯುವುದು ಮುಗಿದಿಲ್ಲ. ಚೀನದ ಯಾಂಗ್‌ಟ್ಸೆ ನದಿಯ ಕಣಿವೆಗಳಲ್ಲಿ ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ಹಗ್ಗದಿಂದ ದೋಣಿಗಳನ್ನು ಎಳೆದರು. ತಲೆತಲಾಂತರದ ಆ ಹಗ್ಗದ ಉಜ್ಜಿಗೆ ಬಂಡೆಗಳಲ್ಲಿ ಗಾಡಿ ಬಿದ್ದಿತ್ತು. ನಮ್ಮ ದಕ್ಷಿಣದಲ್ಲಿಯೂ ಮದ್ರಾಸಿನ ಮೂಲಕ ಹಾಯುವ ಬಕಿಂಗ್‌ಹ್ಯಾಮ್ ಕಾಲುವೆಯ ದಡದಲ್ಲಿ ದೋಣಿಯೆಳೆಯುವವರು ನಡೆದರು. ೧೮೭೭–೭೮ರ ಬರಗಾಲದಲ್ಲಿ ಹಸಿದ ಜನರಿಂದ ಆ ಕಾಲುವೆಯ ಒಂದು ಭಾಗವನ್ನು ತೋಡಿಸಿದರು. ಆಗಿನ ಗವರ್ನರನ ಹೆಸರು ಅದಕ್ಕೆ ನಿಂತಿತು. ತೋಡಿದವರ ಹೆಸರು ನಿಲ್ಲಲಿಲ್ಲ. ಕಲ್ಲು ಕೂಡ ಹಗ್ಗದ ಗುರುತನ್ನು ಇಟ್ಟುಕೊಂಡಿತು. ಚರಿತ್ರೆ ಹೆಗಲಿನ ಗುರುತನ್ನು ಇಟ್ಟುಕೊಳ್ಳಲಿಲ್ಲ.

ಈಗ ಮೊದಲಿನ ಉತ್ತರಕ್ಕೆ ಬರೋಣ. ಕೂಲಿ ಕೊಟ್ಟ ಮೇಲೆ ಋಣ ತೀರಿತು ಎನ್ನುವವರದು ಅಸಡ್ಡೆಯ ವಾದವಲ್ಲ. ಅದರಲ್ಲಿ ಒಂದು ಘನತೆಯೂ ಇದೆ. ಕೂಲಿ ಕೊಡುವುದೆಂದರೆ ಎಳೆಯುವವನ ಬೆವರು ಅವನದು, ನನ್ನದಲ್ಲ ಎಂದು ಒಪ್ಪಿದಂತೆ. ಕೂಲಿಯ ಬದಲಿಗೆ ಹೊಗಳಿಕೆ ಕೊಟ್ಟವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗಿಂತ ಕೈಗೆ ಕಾಸು ಹಾಕಿ ಮುಖ ತಿರುಗಿಸಿದವನೇ ಮೇಲು. ಕೃತಜ್ಞತೆ ಎಷ್ಟು ದೊಡ್ಡದಾದರೂ ಒಲೆ ಹೊತ್ತಿಸುವುದಿಲ್ಲ.

ಆದರೆ ಕೂಲಿ ಅಳೆಯುವುದು ಏನನ್ನು? ಹೊತ್ತನ್ನು, ದೂರವನ್ನು, ಭಾರವನ್ನು. ಹೊಳೆಯ ಸೆಳವಿಗೆ ದೋಣಿ ಹಿಂದಕ್ಕೆ ಸರಿದರೆ ದಡದಲ್ಲಿರುವವನೂ ಹಗ್ಗದೊಡನೆ ನೀರಿಗೆ ಬೀಳುತ್ತಾನೆ. ದೋಣಿಯಲ್ಲಿದ್ದವನ ಅಪಾಯ ದೋಣಿಯದು. ಎಳೆಯುವವನಿಗೆ ತನ್ನ ಅಪಾಯದ ಜೊತೆಗೆ ದೋಣಿಯ ಅಪಾಯವೂ ಇದೆ. ಇದಕ್ಕೆ ದರವನ್ನು ಯಾರು ಗೊತ್ತುಮಾಡಬೇಕು? ಹಸಿದವನನ್ನು ಕೇಳಿದರೆ ಅವನು ಕಡಿಮೆ ದರಕ್ಕೂ ಒಪ್ಪುತ್ತಾನೆ. ಒಪ್ಪಿದ ಎಂಬುದು ನ್ಯಾಯಕ್ಕೆ ಸಾಕ್ಷಿಯಾಗುವುದು, ಒಪ್ಪದಿರುವ ಸ್ವಾತಂತ್ರ್ಯ ಅವನಿಗಿದ್ದಾಗ ಮಾತ್ರ.

ಇಲ್ಲಿ ತೇರಿನ ಹಗ್ಗ ನೆನಪಿಗೆ ಬರುತ್ತದೆ. ಹೋಳಿಯ ತರುವಾಯ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಹೊರಟಾಗ ಸಾವಿರಾರು ಕೈಗಳು ಹಗ್ಗಕ್ಕೆ ಚಾಚುತ್ತವೆ. ಭಾರ ಅಲ್ಲಿಯೂ ಭಾರವೇ. ಹಗ್ಗ ಅಂಗೈಯನ್ನು ಸುಡುವುದು ಅಲ್ಲಿಯೂ ಉಂಟು. ಆದರೂ ತೇರೆಳೆದವನು ದಣಿದೆನೆನ್ನದೆ ಧನ್ಯನಾದೆನೆನ್ನುತ್ತಾನೆ. ತೇರಿನ ಹಗ್ಗಕ್ಕೂ ದೋಣಿಯ ಹಗ್ಗಕ್ಕೂ ವ್ಯತ್ಯಾಸವೇನು? ದೇವರು ಕುಳಿತಿದ್ದಾನೆಂಬುದೆ? ನನಗೆ ತೋರುವಂತೆ ವ್ಯತ್ಯಾಸ ಕುಳಿತವನಲ್ಲಿಲ್ಲ, ಹಗ್ಗದ ಇನ್ನೊಂದು ತುದಿಯಲ್ಲಿದೆ. ತೇರಿನ ಹಗ್ಗವನ್ನು ಹಿಡಿದವನು ಯಾವ ಗಳಿಗೆಯಲ್ಲಾದರೂ ಬಿಡಬಹುದು. ಬಿಟ್ಟರೆ ಅವನ ಮಕ್ಕಳು ಉಪವಾಸ ಬೀಳುವುದಿಲ್ಲ. ಬಿಡಬಹುದಾದ ಹಗ್ಗವನ್ನು ಹಿಡಿದಿರುವುದು ಸೇವೆ. ಬಿಡಲಾಗದ ಹಗ್ಗವನ್ನು ಹಿಡಿದಿರುವುದು ಜೀತ. ಸಾಲವೆಂಬ ಹಗ್ಗದಿಂದ ತಂದೆಯನ್ನು ಕಟ್ಟಿ, ಅದೇ ಹಗ್ಗವನ್ನು ಮಗನಿಗೂ ಸುತ್ತಿದ ಪದ್ಧತಿಯನ್ನು ನಮ್ಮ ದೇಶ ೧೯೭೬ರ ಕಾಯಿದೆಯಿಂದ ನಿಷೇಧಿಸಿತು. ಸ್ವಾತಂತ್ರ್ಯ ಬಂದ ಮೇಲೆ ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. ಜೀತವನ್ನು ಸೇವೆಯೆಂದು ಕರೆಯುವ ನಮ್ಮ ಹಳೆಯ ಚಾತುರ್ಯವೂ ಆ ತಡಕ್ಕೆ ಸ್ವಲ್ಪ ಕಾರಣವಾಗಿದ್ದೀತು.

ಹಾಗಾದರೆ ದುಡಿಮೆಗೆ ಘನತೆಯಿಲ್ಲವೆ? ಹನ್ನೆರಡನೆಯ ಶತಮಾನದ ಶರಣರು ಬಲವಾಗಿ ಇದೆಯೆಂದರು. ಅವರಲ್ಲಿ ಹಗ್ಗ ಹೊಸೆಯುವವನೇ ಒಬ್ಬನಿದ್ದ, ನುಲಿಯ ಚಂದಯ್ಯ. ಕೆರೆಯಂಚಿನ ಹುಲ್ಲು ಕೊಯ್ದು ಹಗ್ಗ ಮಾಡಿ ಮಾರುವುದು ಅವನ ಕಾಯಕ. ಒಮ್ಮೆ ಹುಲ್ಲು ಕೊಯ್ಯುತ್ತಿರುವಾಗ ಕೊರಳಿನ ಇಷ್ಟಲಿಂಗ ಕಳಚಿ ನೀರಿಗೆ ಬಿತ್ತಂತೆ. ಚಂದಯ್ಯ ಅದರ ಹಿಂದೆ ಹೋಗದೆ ತನ್ನ ಕೆಲಸ ಮುಂದುವರಿಸಿದ. ಲಿಂಗವೇ ಅವನ ಬೆನ್ನು ಹತ್ತಿತು, ಅವನು ಜಗ್ಗಲಿಲ್ಲ. ಮಡಿವಾಳ ಮಾಚಯ್ಯ ನಡುವೆ ಬಂದು ಹೇಳಿದ ಮೇಲೆ, ಲಿಂಗವೂ ಕಾಯಕ ಮಾಡಬೇಕೆಂಬ ಕರಾರಿನ ಮೇಲೆ ಚಂದಯ್ಯ ಅದನ್ನು ಮತ್ತೆ ಬರಮಾಡಿಕೊಂಡನೆಂದು ಶರಣರ ಕಥೆ ಹೇಳುತ್ತದೆ. ದೇವರ ಎದುರಿಗೆ ನಿಂತು ‘ನನ್ನ ಕೆಲಸ ಮುಗಿಯಲಿ, ನೀನು ಕಾದಿರು’ ಎನ್ನುವ ಧೈರ್ಯ ಬೇರೆ ಯಾವ ಭಕ್ತನಿಗಿತ್ತೋ ನಾನರಿಯೆ.

ಈ ಕಥೆಯನ್ನು ನಾವು ದುಡಿಯುವವರಿಗೆ ಹೇಳುತ್ತ ಬಂದಿದ್ದೇವೆ. ಅದನ್ನು ಕೇಳಬೇಕಾದವರು ಕುಳಿತವರು. ‘ನನ್ನ ಕಾಯಕ ನನಗೆ ಪವಿತ್ರ’ ಎಂದು ಚಂದಯ್ಯ ಹೇಳಬಹುದು, ಏಕೆಂದರೆ ಹುಲ್ಲು ಕೊಯ್ದದ್ದು ಅವನ ಕೈ. ದೋಣಿಯಲ್ಲಿ ದಿಂಬಿಗೊರಗಿದವನು ದಡದ ಕಡೆ ನೋಡಿ ‘ನಿನ್ನ ಕಾಯಕ ಪವಿತ್ರವಪ್ಪ’ ಎಂದರೆ ಅದು ಅದೇ ಮಾತಲ್ಲ. ಕೆಲವು ಸತ್ಯಗಳು ಉತ್ತಮ ಪುರುಷದಲ್ಲಿ ಹೇಳಿದಾಗ ಮಾತ್ರ ಸತ್ಯ. ಮಧ್ಯಮ ಪುರುಷಕ್ಕೆ ತಿರುಗಿಸಿದರೆ ಸುಳ್ಳಾಗುತ್ತವೆ. ಕಾಯಕದ ಮಹಿಮೆ ಅಂಥ ಒಂದು ಸತ್ಯ. ಚಂದಯ್ಯ ಅದನ್ನು ಚೆನ್ನಾಗಿ ಬಲ್ಲ. ಆದ್ದರಿಂದಲೇ ಲಿಂಗದ ಮುಂದೆ ಕಾಯಕವನ್ನು ಬರಿದೇ ಹೊಗಳದೆ, ಲಿಂಗಕ್ಕೇ ಕಾಯಕವನ್ನು ಹಚ್ಚಿದ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ. ಇದೆಲ್ಲ ಹಳೆಯ ಕಥೆ. ಉಗಿಯಂತ್ರ ಬಂತು, ರೈಲು ಬಂತು, ಎಂಜಿನು ಬಂತು. ಈಗ ಯಾರು ದೋಣಿಯೆಳೆಯುತ್ತಾರೆ? ಮಾತು ನಿಜ. ಮುಂಬಯಿ ಮದ್ರಾಸುಗಳ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದ್ದು ೧೮೭೧ರಲ್ಲಿ. ವಾಡಿಯಿಂದ ಹೈದರಾಬಾದಿಗೆ ಹಾದಿಯಾದದ್ದು ೧೮೭೪ರಲ್ಲಿ. ಶಹಾಬಾದಿನ ಹಾಸುಗಲ್ಲು ಆ ಹಳಿಗಳ ಮೇಲೆ ದೂರದೂರದ ಪಟ್ಟಣಗಳನ್ನು ಸೇರಿತು. ಈ ಬರಹವನ್ನು ಓದುತ್ತಿರುವ ಹಲವರ ಕಾಲಡಿಯಲ್ಲಿ ಅದು ತಣ್ಣಗೆ ಇದ್ದೀತು. ಪದರಪದರವಾಗಿ ಹಾಸಿದ ಆ ಸುಣ್ಣದಕಲ್ಲನ್ನು ಗಣಿಯಲ್ಲಿ ಹಾರೆಯಿಂದ ಮೀಟಿ ಎಬ್ಬಿಸಿದ ಮನುಷ್ಯ ಕಾಣುವುದಿಲ್ಲ, ಅಷ್ಟೆ.

ದೋಣಿಯೆಳೆಯುವವರು ಬಲ್ಲ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ದಡದಿಂದ ಎಳೆದಾಗ ಹಗ್ಗ ದೋಣಿಯನ್ನು ಮುಂದಕ್ಕೆ ಮಾತ್ರ ಎಳೆಯುವುದಿಲ್ಲ, ದಡದ ಕಡೆಗೂ ಎಳೆಯುತ್ತದೆ. ಹಗ್ಗ ಗಿಡ್ಡವಾದಷ್ಟೂ ಈ ಅಡ್ಡ ಎಳೆತ ಹೆಚ್ಚು. ಉದ್ದವಾದಷ್ಟೂ ಬಲವೆಲ್ಲ ಮುಂದಕ್ಕೆ ಒದಗುತ್ತದೆ. ಆದಕಾರಣ ಉದ್ದ ಹಗ್ಗವೇ ಒಳ್ಳೆಯದು. ಆದರೆ ಹಗ್ಗ ಉದ್ದವಾದಷ್ಟೂ ಎಳೆಯುವವನು ದೂರವಾಗುತ್ತಾನೆ. ಹೊಳೆಯ ತಿರುವಿನಲ್ಲಿ ಅವನು ಕಣ್ಣಿಗೇ ಬೀಳುವುದಿಲ್ಲ. ಕುಳಿತವನಿಗೆ ದೋಣಿ ತಾನಾಗಿಯೇ ಹೋಗುತ್ತಿರುವಂತೆ ತೋರುತ್ತದೆ. ಇದೇ ನಮ್ಮ ಕಾಲದ ಸ್ಥಿತಿ. ಹಗ್ಗ ಹೋಗಲಿಲ್ಲ, ಉದ್ದವಾಯಿತು. ಅಕ್ಕಿ, ಬಟ್ಟೆ, ಕಟ್ಟಡ, ಬಾಗಿಲಿಗೆ ಬರುವ ಬುತ್ತಿ ಎಲ್ಲದರ ಹಿಂದೆಯೂ ಹಗ್ಗ ಹೊಳೆಯ ತಿರುವಿನಾಚೆಗೆ ಹೋಗಿದೆ. ಇದೇ ಕಲಬುರಗಿಯ ಸೀಮೆಯಿಂದ ಮುಂಬಯಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬಗಳು ಆ ತಿರುವಿನಾಚೆಯವರು.

ಹಗ್ಗ ಮತ್ತೆ ಗಿಡ್ಡವಾಗಿ ಕಣ್ಣಿಗೆ ಬೀಳುವ ಸಂದರ್ಭಗಳೂ ಉಂಟು. ಪಟ್ಟಣದ ಬೀದಿಯ ನಡುವೆ ಚರಂಡಿಯ ಗುಂಡಿಗೆ ಸೊಂಟಕ್ಕೆ ಹಗ್ಗ ಕಟ್ಟಿದ ಮನುಷ್ಯನನ್ನು ಇಳಿಸುತ್ತಾರೆ. ಕೆಲವೊಮ್ಮೆ ಆ ಹಗ್ಗವೂ ಇರುವುದಿಲ್ಲ. ಮಲ ಬಳಿಯುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಕೂಡದೆಂದು ೧೯೯೩ರಲ್ಲಿ ಒಂದು ಕಾಯಿದೆಯಾಯಿತು. ೨೦೧೩ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂದು, ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನೂ ಅಪರಾಧವೆಂದಿತು. ಆಮೇಲೂ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಅಲ್ಲಿ ಹಗ್ಗದ ಮೇಲಿನ ತುದಿಯಲ್ಲಿ ಇರುವವರು ಯಾರು? ಗುತ್ತಿಗೆದಾರನೆಂದು ಹೇಳಿ ಸುಮ್ಮನಾಗಬಹುದು. ಆದರೆ ಬೀದಿ ನಮ್ಮದು, ಚರಂಡಿ ನಮ್ಮದು, ತುಂಬಿ ಹರಿದರೆ ಮೂಗು ಮುಚ್ಚಿಕೊಂಡು ದೂರು ಹೇಳುವವರೂ ನಾವೇ.

ಹಾಗೆಂದು ಎಲ್ಲರೂ ದೋಣಿಯಿಂದ ಇಳಿದು ಎಳೆಯಬೇಕೆಂದು ಹೇಳಿದರೆ ಅದು ಪ್ರಾಮಾಣಿಕವಾದ ಮಾತಾಗುವುದಿಲ್ಲ. ಎಲ್ಲರೂ ಇಳಿದರೆ ದೋಣಿ ದಡಕ್ಕೆ ಬಡಿಯುತ್ತದೆ. ಚುಕ್ಕಾಣಿ ಹಿಡಿಯುವವನೊಬ್ಬ ಬೇಕೇ ಬೇಕು. ದೋಣಿಯನ್ನು ದಡದಿಂದ ಆಚೆಗಿರುವಂತೆ ನಡೆಸಿ, ಎಳೆತ ವ್ಯರ್ಥವಾಗದಂತೆ ನೋಡುವುದು ಅವನ ಕೆಲಸ. ಕುಳಿತಿರುವುದು ಪಾಪವಲ್ಲ, ಕುಳಿತಲ್ಲಿಯೂ ಕೆಲಸವಿದೆ ಎಂಬುದನ್ನು ಮರೆಯುವುದು ಪಾಪ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಜೋಡಿಯ ಬೇಸಾಯವನ್ನು ಕುರಿತದ್ದು. ಆದರೆ ಚುಕ್ಕಾಣಿಯವನು ನಿದ್ದೆಹೋದ ದೋಣಿಗೂ ಅದೇ ಗತಿ.

ಆ ಕೆಲಸಗಳನ್ನು ಹಳೆಯ ನಾವಿಕರಿಂದಲೇ ಕಲಿಯಬಹುದು. ಯಾಂಗ್‌ಟ್ಸೆಯ ದೋಣಿಗಳಲ್ಲಿ ಡೋಲು ಇಟ್ಟಿರುತ್ತಿದ್ದರು. ಎಳೆಯಿರಿ, ನಿಲ್ಲಿರಿ ಎಂದು ದೂರದವರಿಗೆ ತಿಳಿಸುವುದಕ್ಕೆ ಅದು. ಕುಳಿತವನ ಮೊದಲನೆಯ ಕರ್ತವ್ಯ ಇದು: ಕಾಣದ ತುದಿಯೊಡನೆ ಮಾತಿನ ಸಂಬಂಧವನ್ನು ಕಡಿಯದಿರುವುದು, ಅಲ್ಲಿ ಏನು ನಡೆಯುತ್ತಿದೆಯೆಂದು ಕೇಳುತ್ತಿರುವುದು. ಎರಡನೆಯದು ನ್ಯಾಯವಾದ ಕೂಲಿ, ಅಪಾಯಕ್ಕೂ ಲೆಕ್ಕವಿಟ್ಟ ಕೂಲಿ. ಮೂರನೆಯದು ಎಲ್ಲಕ್ಕೂ ಮುಖ್ಯ. ಹಗ್ಗವನ್ನು ಕಟ್ಟುವಾಗ ಬಿಚ್ಚಬಹುದಾದ ಗಂಟು ಹಾಕಬೇಕು. ಸೆಳವು ಹೆಚ್ಚಾದ ಗಳಿಗೆಯಲ್ಲಿ ದಡದವನನ್ನು ಉಳಿಸುವುದು ಹಗ್ಗದ ಬಲವಲ್ಲ, ಅದನ್ನು ತಕ್ಷಣ ಬಿಟ್ಟುಕೊಡುವ ಏರ್ಪಾಡು. ಕಾನೂನು, ವಿದ್ಯೆ, ವಿಮೆ, ಮುಪ್ಪಿನ ಪಿಂಚಣಿ ಇವೆಲ್ಲ ಅಂಥ ಗಂಟುಗಳೇ. ಇವಿದ್ದರೆ ಮನುಷ್ಯ ಹಗ್ಗವನ್ನು ಬಿಡಬಲ್ಲ; ಬಿಡಬಲ್ಲವನಾದರೆ, ಹಿಡಿದಾಗ ತಲೆಯೆತ್ತಿ ಹಿಡಿದಾನು.

ನಮ್ಮ ಹಳ್ಳಿಗಳು ಈ ಮೂರನೆಯ ಮಾತನ್ನು ಅರೆಬರೆಯಾಗಿ ಬಲ್ಲವು. ಕಾರ ಹುಣ್ಣಿಮೆಯ ದಿನ ಉತ್ತರ ಕರ್ನಾಟಕದಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊಸ ಹಗ್ಗ ಹಾಕಿ, ಸಂಜೆ ಕರಿ ಹರಿಯುತ್ತಾರೆ. ಅಗಸೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಎತ್ತುಗಳನ್ನು ಓಡಿಸುವುದು; ಮೊದಲು ಬಂದ ಎತ್ತು ಅದನ್ನು ಹರಿದುಕೊಂಡು ನುಗ್ಗುವುದು. ವರ್ಷವೆಲ್ಲ ಹಗ್ಗಕ್ಕೆ ಕಟ್ಟುಬಿದ್ದ ಪ್ರಾಣಿಗೆ ಒಂದು ದಿನ ಹಗ್ಗ ಹರಿಯುವ ಗೌರವ. ಊರೆಲ್ಲ ಕೇಕೆ ಹಾಕಿ ನೋಡುತ್ತದೆ. ಮರುದಿನ ಎತ್ತು ಮತ್ತೆ ನೊಗಕ್ಕೆ ಬರುತ್ತದೆ. ಎತ್ತಿಗೆ ಅಷ್ಟು ಸಾಕಾಗಿರಬಹುದು. ಮನುಷ್ಯನಿಗೆ ವರ್ಷಕ್ಕೊಂದು ದಿನದ ಮರ್ಯಾದೆ ಸಾಲದು. ಕಾರ್ಮಿಕರ ದಿನದಂದು ಹಾರ ಹಾಕಿ ಮಿಕ್ಕ ದಿನಗಳಲ್ಲಿ ಹಗ್ಗ ಬಿಗಿಯುವುದು ಕಾರ ಹುಣ್ಣಿಮೆಯ ನಕಲು ಮಾತ್ರ.

ಇದೇ ಕಾಗಿಣಾ ದಡದ ಮಳಖೇಡವನ್ನು ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ಸ್ಥಳವೆಂದು ಭಾವಿಸಿ ಅನೇಕರು ಯಾತ್ರೆ ಬರುತ್ತಾರೆ. ಹಿಂದಿನ ಜನ್ಮದಲ್ಲಿ ಅವರು ಮಧ್ವಾಚಾರ್ಯರ ಗ್ರಂಥಗಳನ್ನು ಹೊರುತ್ತಿದ್ದ ಎತ್ತಾಗಿದ್ದರು, ಪಾಠ ನಡೆಯುವಾಗ ಕಿವಿಗೊಟ್ಟು ಕೇಳುತ್ತಿದ್ದರು ಎಂಬ ಐತಿಹ್ಯವಿದೆ. ಹೊರೆ ಹೊತ್ತ ಪ್ರಾಣಿಯೇ ಮುಂದೆ ಆ ಗ್ರಂಥಗಳಿಗೆ ಎಲ್ಲರಿಗಿಂತ ದೊಡ್ಡ ವ್ಯಾಖ್ಯಾನಕಾರನಾಯಿತು. ಐತಿಹ್ಯವನ್ನು ನಂಬುವುದೂ ಬಿಡುವುದೂ ಅವರವರ ಇಷ್ಟ. ಅದರೊಳಗಿನ ಸೂಚನೆಯನ್ನು ಮಾತ್ರ ನಾನು ಬಿಡಲಾರೆ. ಹೊರುವವರು ಕೇಳಿಸಿಕೊಳ್ಳುತ್ತಿರುತ್ತಾರೆ. ಎಳೆಯುವವರು ನೋಡುತ್ತಿರುತ್ತಾರೆ. ನಮ್ಮ ಬದುಕಿನ ಅರ್ಥವನ್ನು ಮುಂದೆ ಬರೆಯುವವರು ನಾವೇ ಆಗಿರಬೇಕೆಂದಿಲ್ಲ; ಹಗ್ಗದ ಆ ತುದಿಯವರೂ ಬರೆದಾರು.

ಸಂಸ್ಕೃತದ ಮಾತಿನಲ್ಲಿ ಗುಣವೇ ಹಗ್ಗವಾದರೆ ಕನ್ನಡ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ನಮ್ಮಲ್ಲಿ ನಾರಿನ ಹುರಿಗೂ ಎಳೆ ಎನ್ನುತ್ತೇವೆ, ಜಗ್ಗುವ ಕೆಲಸಕ್ಕೂ ಎಳೆ ಎನ್ನುತ್ತೇವೆ. ಹಗ್ಗದಲ್ಲಿ ಸೇರಿದ್ದು ಯಾವುದೋ, ಹಗ್ಗವನ್ನು ಎಳೆಯುವುದೂ ಅದೇ ಮಾತು. ಎಳೆಯುವವನೂ ಒಂದು ಎಳೆ, ಕುಳಿತವನೂ ಒಂದು ಎಳೆ. ಯಾವ ಎಳೆಯೂ ಹಗ್ಗದ ತುದಿಯಿಂದ ತುದಿಯವರೆಗೆ ಹೋಗುವುದಿಲ್ಲ. ಆದ್ದರಿಂದ ಪಕ್ಕದ ಎಳೆ ಎಲ್ಲಿ ಸವೆಯುತ್ತಿದೆಯೆಂದು ನೋಡಿಕೊಳ್ಳುವುದು ಬರಿಯ ದಯೆಯ ಮಾತಲ್ಲ. ಹಗ್ಗ ಹರಿಯುವುದು ಯಾವಾಗಲೂ, ಯಾರೂ ನೋಡದೆ ಬಿಟ್ಟ ಜಾಗದಲ್ಲಿ.